ಎಂಟು ಜನರ ಲೆಕ್ಕ, ಒಬ್ಬನ ಮೋಸ

ಇವತ್ತಿನ ಮಾತಿಗೆ ಆರಿಸಿಕೊಂಡಿರುವುದು ಕಾಲ್ಪನಿಕ ಆಟವೊಂದನ್ನು. ಜಪಾನಿನ ಶಿನೋಬು ಕೈತಾನಿ ಅವರ ‘ಲಯರ್ ಗೇಮ್’ ಎಂಬ ಮಾಂಗಾ, ಅಂದರೆ ಚಿತ್ರಗಳಲ್ಲಿ ಹೇಳುವ ಧಾರಾವಾಹಿ ಕತೆ, 2005ರಿಂದ 2015ರವರೆಗೆ ಅಲ್ಲಿನ ವಾರಪತ್ರಿಕೆಯಲ್ಲಿ ಬಂತು. 2007ರಲ್ಲಿ ಟಿವಿಗೂ ಬಂತು. ಅದರ ಆರಂಭದ ಭಾಗದಲ್ಲೇ ‘ಅಲ್ಪಮತದ ಆಟ’ ಒಂದಿದೆ. ಇನ್ನೂ ಓದದವರು ಕ್ಷಮಿಸಬೇಕು, ಅದರ ದೊಡ್ಡ ಗುಟ್ಟೊಂದನ್ನು ಒಡೆಯದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಕತೆಯ ಉಳಿದ ತಿರುವುಗಳ ತಂಟೆಗೆ ಹೋಗುವುದಿಲ್ಲ. ನಮಗೆ ಬೇಕಾದದ್ದು ಆಟದ ಕಟ್ಟು ಮಾತ್ರ.

ನಿಯಮ ಸರಳ. ಆಟಗಾರರು 22 ಮಂದಿ. ಪ್ರತಿ ಸುತ್ತಿಗೂ ಒಂದು ಪ್ರಶ್ನೆ, ಉತ್ತರ ‘ಹೌದು’ ಅಥವಾ ‘ಇಲ್ಲ’. ನಿಜವನ್ನೇ ಬರೆಯಬೇಕೆಂದಿಲ್ಲ. ಚೀಟಿಗಳನ್ನು ಎಣಿಸಿದಾಗ ಯಾವ ಕಡೆ ಕಡಿಮೆ ಮತ ಬಿದ್ದಿದೆಯೋ ಆ ಕಡೆಯವರು ಉಳಿಯುತ್ತಾರೆ, ಹೆಚ್ಚು ಬಿದ್ದ ಕಡೆಯವರು ಹೊರಗೆ. ಸಮ ಬಿದ್ದರೆ ಮತದಾನ ರದ್ದು, ಮತ್ತೆ ಹಾಕಬೇಕು. ಹೀಗೆ ಒಬ್ಬರೋ ಇಬ್ಬರೋ ಉಳಿಯುವವರೆಗೆ. ಇಬ್ಬರು ಉಳಿದರೆ ಹಣ ಇಬ್ಬರಿಗೂ ಸಮಪಾಲು. ಕತೆಯಲ್ಲಿ ಪಣ ಕೋಟಿಗಟ್ಟಲೆ ಯೆನ್. ಲೆಕ್ಕ ಸುಲಭವಾಗಲೆಂದು ನಾವು ತಲೆಗೆ 1 ಕೋಟಿ ರೂಪಾಯಿ ಅಂದುಕೊಳ್ಳೋಣ. ಸೋತವನು 1 ಕೋಟಿ ಸಾಲ ಹೊತ್ತು ಮನೆಗೆ ಹೋಗುತ್ತಾನೆ. ಗೆದ್ದವನ ಕೈಗೆ 22 ಕೋಟಿ.

ಮೊದಲ ಸಲ ಇದನ್ನು ಕೇಳಿದವರೆಲ್ಲ ಮನಸ್ಸು ಓದುವ ಕೆಲಸಕ್ಕೆ ಇಳಿಯುತ್ತಾರೆ. ‘ಹೆಚ್ಚಿನವರು ನಿಜ ಬರೆಯುತ್ತಾರೆ, ನಾನು ಸುಳ್ಳು ಬರೆಯುತ್ತೇನೆ.’ ಹಾಗೆಯೇ ಎಲ್ಲರೂ ಯೋಚಿಸಿದರೆ? ಆಗ ನಿಜ ಬರೆದವನು ಉಳಿಯುತ್ತಾನೆ. ಇದಕ್ಕೆ ಕೊನೆಯೇ ಇಲ್ಲ. ಅರ್ಥಶಾಸ್ತ್ರಜ್ಞ ಬ್ರಯಾನ್ ಆರ್ಥರ್ 1994ರಲ್ಲಿ ಇಂಥದ್ದೇ ಸಮಸ್ಯೆಯೊಂದನ್ನು ಮುಂದಿಟ್ಟರು. ಊರಿನ 100 ಜನರಿಗೆ ಒಂದೇ ಮದ್ಯದಂಗಡಿ. ಅರವತ್ತಕ್ಕಿಂತ ಕಡಿಮೆ ಜನ ಬಂದರೆ ಅಲ್ಲಿ ಹೋದವರಿಗೆ ಖುಷಿ, ಹೆಚ್ಚು ಬಂದರೆ ನೂಕುನುಗ್ಗಲು. ‘ಇವತ್ತು ಖಾಲಿ ಇರುತ್ತದೆ’ ಎಂಬ ಅಂದಾಜನ್ನು ಎಲ್ಲರೂ ನಂಬಿದರೆ ಎಲ್ಲರೂ ಹೋಗುತ್ತಾರೆ, ಅಂದಾಜು ಸುಳ್ಳಾಗುತ್ತದೆ. 1997ರಲ್ಲಿ ಡೇಮಿಯನ್ ಶಾಲೆ ಮತ್ತು ಯಿ-ಚೆಂಗ್ ಝಾಂಗ್ ಎಂಬ ಭೌತವಿಜ್ಞಾನಿಗಳು ಇದನ್ನೇ ಅಲ್ಪಮತದ ಆಟವಾಗಿ ಗಣಿತಕ್ಕೆ ಇಳಿಸಿದರು. ನಮಗೆ ಅದರಿಂದ ಬೇಕಾದದ್ದು ಇಷ್ಟೇ: ಎಲ್ಲರಿಗೂ ಗೊತ್ತಿರುವ ಸುಳಿವಿನಿಂದ ಇಲ್ಲಿ ಯಾರಿಗೂ ಉಪಯೋಗವಿಲ್ಲ. ಒಂಟಿಯಾಗಿ ಆಡಿದರೆ ನೀವು ಎಷ್ಟೇ ಜಾಣರಾಗಿದ್ದರೂ ನಿಮ್ಮ ಪಾಲಿಗೆ ಇರುವುದು ಸುಮಾರು 22ರಲ್ಲಿ ಒಂದು.

ಹಾಗಾದರೆ ಗೆಲ್ಲುವುದು ಹೇಗೆ? ಊಹೆಯನ್ನು ಕೈಬಿಟ್ಟು ಎರಡೂ ಕಡೆ ಕಾಲಿಡಬೇಕು. ಅದಕ್ಕೆ ಎಂಟು ಜನ ಬೇಕು.

ಲೆಕ್ಕ ನೋಡಿ. 22 ಜನರಲ್ಲಿ ಅಲ್ಪಮತ ಎಂದರೆ ಹೆಚ್ಚೆಂದರೆ 10, ಏಕೆಂದರೆ 11–11 ಬಂದರೆ ರದ್ದು. ಆ 10ರಲ್ಲಿ ಹೆಚ್ಚೆಂದರೆ 4. ಆ 4ರಲ್ಲಿ 1. ಅಂದರೆ ಆಟ ಮೂರು ಸುತ್ತಿಗಿಂತ ಹೆಚ್ಚು ಎಳೆಯುವುದಿಲ್ಲ. ಎಂಟು ಜನ ಗುಟ್ಟಾಗಿ ಕೂಡಿ ಮೊದಲ ಸುತ್ತಿನಲ್ಲಿ ನಾಲ್ವರು ‘ಹೌದು’, ನಾಲ್ವರು ‘ಇಲ್ಲ’ ಹಾಕಲಿ. ಹೊರಗಿನ 14 ಮಂದಿ ಏನೇ ಹಾಕಲಿ, ತಂಡದ ನಾಲ್ವರು ಉಳಿದೇ ಉಳಿಯುತ್ತಾರೆ. ಎರಡನೇ ಸುತ್ತಿನಲ್ಲಿ ಆ ನಾಲ್ವರು ಇಬ್ಬಿಬ್ಬರಾಗಿ ಒಡೆಯುತ್ತಾರೆ, ಇಬ್ಬರು ಉಳಿಯುತ್ತಾರೆ. ಮೂರನೆಯದರಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ಆಗ ಕಣದಲ್ಲಿ ಇರುವುದು ಮೂವರು ಅಥವಾ ನಾಲ್ವರು. ಮೂವರಿದ್ದರೆ 2–1, ಒಂಟಿಯಾಗಿ ನಿಂತವನು ನಮ್ಮವನೇ. ನಾಲ್ವರಿದ್ದರೆ 3–1, ಆಗಲೂ ಒಂಟಿ ನಮ್ಮವನೇ. 2–2 ಆದರೆ ರದ್ದು, ಮತ್ತೆ ಹಾಕುವುದು. ಎರಡನೇ ಸುತ್ತಿನ ಕೊನೆಗೆ ಇಬ್ಬರೇ ಉಳಿದರೆ ಇಬ್ಬರೂ ನಮ್ಮವರು. 22 ಕೋಟಿಯನ್ನು ಎಂಟರಿಂದ ಭಾಗಿಸಿದರೆ ತಲೆಗೆ 2.75 ಕೋಟಿ. ಸಾಲದ 1 ಕೋಟಿ ಕಳೆದು 1.75 ಕೋಟಿ ಲಾಭ, ಅದೂ ಅದೃಷ್ಟದ ಹಂಗಿಲ್ಲದೆ.

ಏಳು ಜನ ಸಾಲದೇ ಎಂದು ಕೇಳಬಹುದು. ಸಾಲದು. ಏಳನ್ನು 4–3 ಎಂದು ಒಡೆದಾಗ ಮೂವರ ಕಡೆ ಉಳಿದರೆ, ಮುಂದಿನ ಸುತ್ತಿಗೆ 2–1. ಅಲ್ಲಿ ಒಬ್ಬನ ಕಡೆ ಉಳಿದರೆ ಮೂರನೇ ಸುತ್ತಿನಲ್ಲಿ ಅವನು ಮೂವರು ಹೊರಗಿನವರ ನಡುವೆ ಒಂಟಿ, ಮತ್ತೆ ಊಹೆಯ ಪಾಡು. ಎಂಟೇ ಸಾಕು, ಆದರೆ ಎಂಟರಲ್ಲಿ ಒಬ್ಬನೂ ಕೈಕೊಡಬಾರದು. ಒಬ್ಬ ಕೊನೇ ಗಳಿಗೆಯಲ್ಲಿ ಆಚೆ ಕಡೆ ಹಾಕಿದರೆ 4–4 ಹೋಗಿ 5–3 ಆಗುತ್ತದೆ, ಏಳು ಜನರ ತಂಡದ ಗತಿಯೇ ಬರುತ್ತದೆ. ಮೊದಲ ಸುತ್ತಿನಲ್ಲಿ ಒಬ್ಬ ದ್ರೋಹಿಯನ್ನು ತಾಳಿಕೊಳ್ಳಬೇಕಾದರೆ ಹತ್ತು ಜನ ಬೇಕು: 5–5 ಒಡೆದು 6–4 ಆದರೂ ಎರಡೂ ಕಡೆ ನಾಲ್ಕಕ್ಕೆ ಕಡಿಮೆಯಿಲ್ಲ. ಪಾಲು ಮಾತ್ರ 2.75ರಿಂದ 2.2 ಕೋಟಿಗೆ ಇಳಿಯುತ್ತದೆ. ತಲೆಗೆ 55 ಲಕ್ಷ ಅಪನಂಬಿಕೆಯ ಬೆಲೆ ಅನ್ನಬಹುದು.

ಇಲ್ಲಿ ಹಲವರು ಗಮನಿಸದ ಒಂದು ಸಂಗತಿ ಇದೆ. ಮತದಾನ ಗುಟ್ಟಿನದು ನಿಜ, ಆದರೆ ಫಲಿತಾಂಶದ ನಂತರ ಗುಟ್ಟು ಉಳಿಯುವುದಿಲ್ಲ. ಉಳಿದವರೆಲ್ಲ ಅಲ್ಪಮತದ ಕಡೆ ಹಾಕಿದವರು, ಹೊರಬಿದ್ದವರೆಲ್ಲ ಬಹುಮತದ ಕಡೆ ಹಾಕಿದವರು. ಯಾರು ಎಲ್ಲಿ ಹಾಕಿದರೆಂದು ಗೋಡೆಯ ಮೇಲೆ ಬರೆದಂತೆ ಕಾಣುತ್ತದೆ. ಹಾಗಾಗಿ ತಂಡದೊಳಗೆ ಮಾತು ತಪ್ಪಿದವನು ಒಂದೇ ಸುತ್ತಿನಲ್ಲಿ ಸಿಕ್ಕಿಬೀಳುತ್ತಾನೆ. ಎಂಟು ಜನ ಧೈರ್ಯವಾಗಿ ಕೂಡುವುದು ಇದರಿಂದಲೇ. ಮತ್ತು ಅವರನ್ನು ಮುಳುಗಿಸುವುದೂ ಇದೇ ಧೈರ್ಯ.

ಈಗ ಕತೆಯ ಮೋಸಕ್ಕೆ ಬರೋಣ. ಒಬ್ಬ ಆಸಾಮಿ ನಿಮ್ಮ ಬಳಿ ಬಂದು ಎಂಟು ಜನರ ಈ ಉಪಾಯವನ್ನು ಹೇಳುತ್ತಾನೆ. ನೀವು ಲೆಕ್ಕ ಹಾಕಿ ನೋಡುತ್ತೀರಿ, ಸರಿಯಾಗಿದೆ. ಅವನನ್ನೂ ಸೇರಿಸಿ ಎಂಟು ಜನ ಆಗುತ್ತೀರಿ. ‘ಹೊರಗಿನವರ ಜೊತೆ ಒಂದು ಮಾತೂ ಆಡಬೇಡಿ, ಉಪಾಯ ಸೋರಿಹೋಗುತ್ತದೆ’ ಅನ್ನುತ್ತಾನೆ. ನ್ಯಾಯವಾಗಿಯೇ ಕಾಣುತ್ತದೆ. ಅಷ್ಟೊತ್ತಿಗೆ ಅವನು ಇನ್ನೂ ಏಳು ಜನರಿಗೆ, ಮತ್ತೂ ಏಳು ಜನರಿಗೆ ಇದೇ ಮಾತು ಹೇಳಿ ಮುಗಿಸಿರುತ್ತಾನೆ. ಏಳು ಮೂರಲಿ ಇಪ್ಪತ್ತೊಂದು, ಅವನೊಬ್ಬ ಸೇರಿ ಇಪ್ಪತ್ತೆರಡು. ಆಟದಲ್ಲಿರುವ ಪ್ರತಿಯೊಬ್ಬನೂ ತಂಡದಲ್ಲಿದ್ದಾನೆ, ಮತ್ತು ಪ್ರತಿ ತಂಡದ ಎಂಟನೆಯವನು ಒಬ್ಬನೇ.

ಮೂರೂ ಕಡೆ ಅವನು ಮೊದಲೇ ಹೇಳಿಬಿಡುತ್ತಾನೆ: ‘ನಾನು ಹೌದು ಹಾಕುತ್ತೇನೆ.’ ಹಾಗಾಗಿ ಪ್ರತಿ ತಂಡದ ಉಳಿದ ಏಳು ಜನರಲ್ಲಿ ಮೂವರು ‘ಹೌದು’, ನಾಲ್ವರು ‘ಇಲ್ಲ’. ಮೂರು ತಂಡ ಕೂಡಿಸಿದರೆ ‘ಹೌದು’ 9, ‘ಇಲ್ಲ’ 12. ಅವನದೂ ಸೇರಿ 10–12. ‘ಹೌದು’ ಕಡೆಯ ಹತ್ತು ಜನ ಉಳಿದರು, ಪ್ರತಿ ತಂಡಕ್ಕೂ ತನ್ನ ನಾಲ್ವರು ಕಾಣುತ್ತಾರೆ. ಎರಡನೇ ಸುತ್ತು: ತಂಡಕ್ಕೆ ಮೂವರು ಮತ್ತು ಅವನು. ಮೂವರಲ್ಲಿ ಒಬ್ಬರು ‘ಹೌದು’, ಇಬ್ಬರು ‘ಇಲ್ಲ’. ಒಟ್ಟು 3–6, ಅವನು ಸೇರಿ 4–6. ನಾಲ್ವರು ಉಳಿದರು. ಕೊನೆಯ ಸುತ್ತಿನಲ್ಲಿ ತಂಡಕ್ಕೊಬ್ಬರಂತೆ ಮೂವರು ‘ಇಲ್ಲ’, ಅವನೊಬ್ಬ ‘ಹೌದು’. 1–3. ಆಟ ಮುಗಿಯಿತು.

ಆ ಕೊನೆಯ ಗಳಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡಿ. ಸೋತ ಮೂವರಿಗೂ ಬೇಸರವಿಲ್ಲ, ತಮ್ಮ ತಂಡದವನು ಗೆದ್ದಿದ್ದಾನೆ. ಮೂವರೂ ಒಟ್ಟಿಗೆ ಅವನತ್ತ ತಿರುಗಿ ನಗುತ್ತಾರೆ. ಆಮೇಲೆ ಪಕ್ಕದವನೂ ನಗುತ್ತಿರುವುದು ಕಣ್ಣಿಗೆ ಬೀಳುತ್ತದೆ. ‘ಸೋತ ನೀನು ಯಾಕೆ ನಗುತ್ತಿದ್ದೀಯ?’ ಗೆದ್ದವನು ಮೂರು ತಂಡಕ್ಕೂ ಹಂಚುತ್ತೇನೆಂದು ಮಾತು ಕೊಟ್ಟ ಹಣ 57.75 ಕೋಟಿ. ಕೈಯಲ್ಲಿರುವುದು 22. ಹಂಚುವ ಯೋಚನೆ ಮೊದಲ ದಿನವೂ ಇರಲಿಲ್ಲ.

ಅಂಕಿಗಳನ್ನು ನೋಡಿ ಮೊದಲೇ ಅನುಮಾನ ಪಡಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ಪ್ರತಿ ಸಲ ಉಳಿಯಬಹುದಾದ ಗರಿಷ್ಠ ಸಂಖ್ಯೆಯೇ ಬಂದಿದೆ: 10, 4, 1. ಲೆಕ್ಕ ಹಾಕೋಣ. ನಿಮ್ಮ ತಂಡದ 4–4 ಕಳೆದರೆ ಹೊರಗಿನ 14 ಜನ 6–8 ಹಾಕಿದಂತೆ ಕಾಣುತ್ತದೆ. ಹದಿನಾಲ್ಕು ಜನ ನಿಜವಾಗಿಯೂ ನಾಣ್ಯ ಚಿಮ್ಮಿ ಹಾಕಿದ್ದರೂ, ಸಮ ಬಿದ್ದದ್ದನ್ನು ಬಿಟ್ಟು ನೋಡಿದರೆ, 6–8 ಬರುವ ಸಾಧ್ಯತೆ ಶೇಕಡಾ 46. ಎರಡನೇ ಸುತ್ತಿನಲ್ಲಿ ಹೊರಗಿನ ಆರು ಜನ 2–4 ಆಗುವುದು ಶೇಕಡಾ 68. ಮೂರನೆಯದರಲ್ಲಿ ಹೊರಗಿನವರು ಇಬ್ಬರೇ. ಸಮ ಬೀಳಲಿಲ್ಲವೆಂದರೆ ಇಬ್ಬರೂ ಒಂದೇ ಕಡೆ ಹಾಕಿರಲೇಬೇಕು. ಒಟ್ಟಾರೆ, ಯಾವ ಮೋಸವೂ ಇಲ್ಲದ ಆಟದಲ್ಲೂ 10, 4, 1 ಎಂಬ ಸಾಲು ಮೂರರಲ್ಲಿ ಒಂದು ಸಲದಷ್ಟು ಬಂದೇ ಬರುತ್ತದೆ. ಫಲಕವನ್ನು ನೋಡುತ್ತ ಕೂತು ಇವನನ್ನು ಹಿಡಿಯಲಾಗದು.

ಅವನ ಮತವನ್ನು ಪರೀಕ್ಷಿಸಿದರೂ ಅಷ್ಟೇ. ಮೂರು ಸುತ್ತು, ಮೂರು ತಂಡ, ಒಂಬತ್ತು ಮಾತು. ಒಂಬತ್ತನ್ನೂ ಅವನು ನಡೆಸಿಕೊಟ್ಟಿದ್ದಾನೆ. ಉಪಾಯ ಸುಳ್ಳಲ್ಲ, ಲೆಕ್ಕ ಸುಳ್ಳಲ್ಲ, ಮತ ಸುಳ್ಳಲ್ಲ. ಹಣ ಹಂಚುವ ಮಾತನ್ನು ಬಿಟ್ಟರೆ, ಆಟದ ಉದ್ದಕ್ಕೂ ಅವನ ಸುಳ್ಳು ಒಂದೇ, ‘ನಾನು ನಿಮ್ಮ ತಂಡದಲ್ಲಿ ಮಾತ್ರ ಇದ್ದೇನೆ’ ಎಂಬುದು. ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಬೀಳಲಿಲ್ಲ, ಯಾರೂ ಕೇಳಲಿಲ್ಲ. ಈ ಜಾತಿಯ ಕತೆಗಳಲ್ಲಿ ಮೋಸಗಾರನ ಮುಖಭಾವ, ಬೆವರು, ತಡವರಿಕೆ ಇವುಗಳಿಗೆ ಪುಟಗಟ್ಟಲೆ ಚಿತ್ರ ಮೀಸಲಾಗುತ್ತದೆ. ನನ್ನ ಮಟ್ಟಿಗೆ ಅದೆಲ್ಲ ಅಲಂಕಾರ. ನಿಜ ಹೇಳುತ್ತಿರುವವನು ಯಾಕೆ ಬೆವರಬೇಕು?

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ನಮ್ಮಲ್ಲಿ ಶಕುನಿ ಅಂದ ಕೂಡಲೇ ಎಲ್ಲರ ಕಣ್ಣು ದಾಳದ ಮೇಲೆ. ಆದರೆ ಸಭಾಪರ್ವದ ಜೂಜಿನ ಕಟ್ಟು ನೋಡಿ: ಪಣ ಒಡ್ಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ. ಒಬ್ಬನಿಗಾಗಿ ಇನ್ನೊಬ್ಬ ಆಡುವುದು ತನಗೆ ಸರಿಕಾಣದೆಂದು ಧರ್ಮರಾಯ ಬಾಯಿಬಿಟ್ಟು ಹೇಳುತ್ತಾನೆ. ಹೇಳಿ, ಆಟಕ್ಕೆ ಕೂರುತ್ತಾನೆ. ಆಟಗಾರ ಯಾರು ಎಂಬುದು ಇತ್ಯರ್ಥವಾದ ಮೇಲೆ ದಾಳ ಹೇಗೆ ಬಿತ್ತು ಎಂಬುದು ಬರೀ ವಿವರ. ಎಂಟು ಜನರ ತಂಡದಲ್ಲೂ ಕೆಟ್ಟದ್ದು ಅಲ್ಲಿಯೇ, ‘ತಂಡದಲ್ಲಿ ಯಾರಿದ್ದಾರೆ’ ಎಂಬ ಕಡೆ.

ಹಾಗಿದ್ದರೆ ತಡೆ ಏನು? ಖರ್ಚಿಲ್ಲದ ಉಪಾಯ ಒಂದಿದೆ. ಯಾರು ಯಾವ ಕಡೆ ಎಂಬುದನ್ನು ಯಾರೂ ಆರಿಸಿಕೊಳ್ಳಬಾರದು. ಎಂಟು ಚೀಟಿ ಮಡಚಿ, ಮತ ಹಾಕುವುದಕ್ಕೆ ಸ್ವಲ್ಪ ಮುಂಚೆ, ಎಲ್ಲರೆದುರು ಎತ್ತಬೇಕು. ಪ್ರಾಮಾಣಿಕ ತಂಡಕ್ಕೆ ಇದರಿಂದ ನಷ್ಟವೇ ಇಲ್ಲ. ಮೂರು ತಂಡದಲ್ಲಿರುವವನಿಗೆ ಮಾತ್ರ ಇದು ಉರುಳು. ಮೂರೂ ಕಡೆ ಅವನಿಗೆ ಒಂದೇ ಉತ್ತರದ ಚೀಟಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎರಡು ತಂಡದಲ್ಲಿ ‘ಹೌದು’, ಮೂರನೆಯದರಲ್ಲಿ ‘ಇಲ್ಲ’ ಬಂತು ಅನ್ನಿ. ಉಳಿದವರ ಮತ ‘ಹೌದು’ 3+3+4, ಅಂದರೆ 10. ‘ಇಲ್ಲ’ 4+4+3, ಅಂದರೆ 11. ಅವನು ‘ಹೌದು’ ಹಾಕಿದರೆ 11–11, ರದ್ದು. ‘ಇಲ್ಲ’ ಹಾಕಿದರೆ 10–12, ಅವನೇ ಹೊರಗೆ. ಬದುಕಬೇಕಾದರೆ ಸಮ ಬೀಳಿಸಲೇಬೇಕು. ಪ್ರತಿ ರದ್ದಿಗೂ ಚೀಟಿ ಹೊಸದಾಗಿ ಎತ್ತಿದರೆ ಮತ್ತೆ ಅದೇ ಪಾಡು. ಮೋಸವಿಲ್ಲದ ಆಟದಲ್ಲಿ, ಹೊರಗಿನವರು ಮನಸ್ಸಿಗೆ ಬಂದಂತೆ ಹಾಕಿದರೆ, ಒಮ್ಮೆ ಸಮ ಬೀಳುವುದು ಶೇಕಡಾ 21. ಸತತ ಮೂರು ಸಲ ಬೀಳುವುದು ನೂರಕ್ಕೆ ಒಂದರಷ್ಟೂ ಇಲ್ಲ. ಮೂರನೇ ರದ್ದಿಗೆ ಎದ್ದು ನಿಂತು ‘ಇಲ್ಲಿ ಇನ್ನೊಂದು ತಂಡವಿದೆ’ ಎಂದು ಹೇಳಬಹುದು.

ಇನ್ನೊಂದು ತಂಡವಿದ್ದರೆ ಅದರಲ್ಲಿ ಮೋಸವೇ ಇರಬೇಕೆಂದಿಲ್ಲ. ಒಬ್ಬರೂ ಹಂಚಿಕೊಳ್ಳದ ಎರಡು ಪ್ರಾಮಾಣಿಕ ಎಂಟುಗಳು ಒಂದೇ ಆಟದಲ್ಲಿ ಬಿದ್ದರೂ ಆಟ ಗಂಟಾಗುತ್ತದೆ. ಇಬ್ಬರದೂ ಅರ್ಧಅರ್ಧ ಒಡೆಯುವ ತಂತ್ರವಾದ್ದರಿಂದ ಕೊನೆಗೆ ಬರೇ ಆ ಎರಡು ತಂಡದವರೇ ಉಳಿದು, ಪ್ರತಿ ಮತವೂ ಸಮ. ಆಗ ಕೂತು ಮಾತಾಡದೆ ಬೇರೆ ದಾರಿಯಿಲ್ಲ.

ಸರಿ, ಚೀಟಿ ಎತ್ತಲಿಲ್ಲ, ಮೊದಲ ಸುತ್ತು ಮುಗಿದುಹೋಯಿತು, ಹತ್ತು ಜನ ಉಳಿದಿದ್ದಾರೆ, ಆಗ ನಿಮ್ಮ ತಂಡದ ಮೂವರಿಗೆ ವಾಸನೆ ಬಡಿಯಿತು. ಆಗೇನು? ಅವನ ಲೆಕ್ಕ 4–6. ಸಿಟ್ಟಿನಲ್ಲಿ ಹೆಚ್ಚಿನವರು ಮಾಡುವುದು ಅವನನ್ನು ಉರುಳಿಸುವ ಪ್ರಯತ್ನ. ನಿಮ್ಮಲ್ಲಿ ‘ಇಲ್ಲ’ ಹಾಕಬೇಕಾದ ಇಬ್ಬರೂ ‘ಹೌದು’ ಹಾಕಿದರೆ 6–4 ಆಗಿ ಅವನು ಬೀಳುತ್ತಾನೆ. ಆದರೆ ನಿಮ್ಮ ಮೂವರೂ ಅದೇ ಕಡೆ ಇರುತ್ತೀರಿ, ಜೊತೆಗೇ ಬೀಳುತ್ತೀರಿ. ಸೇಡು ತೀರಿತು, ಸಾಲ ಉಳಿಯಿತು.

ಸರಿಯಾದ ನಡೆ ಒಬ್ಬನೇ ಬದಲಾಯಿಸುವುದು. ಆಗ 5–5. ಯಾರೂ ಹೊರಬೀಳಲಿಲ್ಲವಾದ್ದರಿಂದ ಯಾರು ಎಲ್ಲಿ ಹಾಕಿದರೆಂದು ಯಾರಿಗೂ ಗೊತ್ತಾಗುವುದಿಲ್ಲ. ಆಗಲೇ ಹೇಳಿದೆನಲ್ಲ, ಫಲಿತಾಂಶ ಗುಟ್ಟು ಒಡೆಯುತ್ತದೆ ಎಂದು. ಸಮ ಬಿದ್ದಾಗ ಮಾತ್ರ ಒಡೆಯುವುದಿಲ್ಲ. ಅವನಿಗೆ ಒಂಬತ್ತರಲ್ಲಿ ಯಾರೋ ಕದಲಿದ್ದಾರೆ ಎಂಬುದಷ್ಟೇ ತಿಳಿಯುತ್ತದೆ. ನಿಮಗೆ ಮುಂದಿನ ಮತದಾನದವರೆಗೆ ಸಮಯ ಸಿಗುತ್ತದೆ.

ಆ ಸಮಯದಲ್ಲಿ ಇನ್ನೊಂದು ತಂಡದವರ ಬಳಿ ಹೋಗಬೇಕು. ‘ನಮ್ಮನ್ನು ನಂಬಿ’ ಅಂದರೆ ಯಾಕೆ ನಂಬುತ್ತಾರೆ? ಅವರ ಪಾಲಿಗೆ ನೀವು ಹೊರಗಿನವರು, ಅವನು ಒಳಗಿನವನು. ನಂಬಿಕೆಯನ್ನೇ ಕೇಳದೆ ವ್ಯವಹಾರ ಮುಗಿಸಬೇಕು. ನೀವು ನಿಮ್ಮ ಎಂಟು ಹೆಸರು ಕಾಗದದಲ್ಲಿ ಬರೆಯಿರಿ, ಅವರು ಅವರದ್ದು ಬರೆಯಲಿ, ಎರಡನ್ನೂ ಒಟ್ಟಿಗೆ ತಿರುಗಿಸಿ. ಒಂದು ಹೆಸರು ಎರಡರಲ್ಲೂ ಇರುತ್ತದೆ. ಒಬ್ಬರು ಮೊದಲು ತೋರಿಸಿದರೆ ಕೆಲಸ ಕೆಟ್ಟಿತು. ನೋಡಿಕೊಂಡು ಬರೆದಿರಿ ಎಂಬ ಮಾತು ಬರುತ್ತದೆ.

ನಂಬಿಕೆ ಕೇಳದ ವ್ಯವಹಾರಕ್ಕೆ ಕತೆಯಾಚೆಯ ಉದಾಹರಣೆಯೂ ಇದೆ. ಬ್ರಿಟನ್ನಿನ ‘ಗೋಲ್ಡನ್ ಬಾಲ್ಸ್’ ಎಂಬ ಟಿವಿ ಆಟದ ಕೊನೆಯಲ್ಲಿ ಉಳಿದ ಇಬ್ಬರೂ ಗುಟ್ಟಾಗಿ ‘ಹಂಚು’ ಅಥವಾ ‘ಕದಿ’ ಆರಿಸಬೇಕಿತ್ತು. ಇಬ್ಬರೂ ಹಂಚಿದರೆ ಅರ್ಧರ್ಧ, ಒಬ್ಬನೇ ಕದ್ದರೆ ಅವನಿಗೇ ಪೂರ್ತಿ, ಇಬ್ಬರೂ ಕದ್ದರೆ ಇಬ್ಬರಿಗೂ ಸೊನ್ನೆ. ಸಾಮಾನ್ಯವಾಗಿ ಎಲ್ಲರೂ ‘ಆಣೆ ಮಾಡಿ ಹೇಳುತ್ತೇನೆ, ಹಂಚುತ್ತೇನೆ’ ಅನ್ನುತ್ತಿದ್ದರು. 13,600 ಪೌಂಡಿನ ಒಂದು ಆಟದಲ್ಲಿ ಒಬ್ಬ ತಿರುಗಿಸಿ ಹೇಳಿದ: ‘ನಾನು ಖಂಡಿತ ಕದಿಯುತ್ತೇನೆ. ನೀನು ಹಂಚು ಎಂದು ಆರಿಸಿದರೆ ಆಟ ಮುಗಿದ ಮೇಲೆ ಅರ್ಧ ಕೊಡುತ್ತೇನೆ.’ ಎದುರಿನವನು ರೇಗಾಡಿದ. ಆದರೆ ಕದ್ದರೆ ಅವನಿಗೆ ಸಿಗುವುದು ಸೊನ್ನೆಯೇ, ಹಂಚಿದರೆ ಅರ್ಧದ ಆಸೆಯಾದರೂ ಉಂಟು. ಬೇರೆ ದಾರಿ ಕಾಣದೆ ‘ಹಂಚು’ ಆರಿಸಿದ. ನೋಡಿದರೆ ಮೊದಲಿನವನೂ ‘ಹಂಚು’ ಎಂದೇ ಆರಿಸಿದ್ದ. ಅವನು ಸುಳ್ಳು ಹೇಳಿಯೇ ಇಬ್ಬರಿಗೂ ಅರ್ಧರ್ಧ ಕೊಡಿಸಿದ.

ನಮ್ಮ ಹತ್ತು ಜನರಿಗೆ ವಾಪಸ್. ಎರಡು ತಂಡ ಕೂಡಿದರೆ ಆರು ಜನ. ಮೂರನೇ ತಂಡ ಹಳೆಯ ಯೋಜನೆಯಂತೆಯೇ ಒಬ್ಬ ‘ಹೌದು’, ಇಬ್ಬರು ‘ಇಲ್ಲ’ ಹಾಕುತ್ತದೆ, ಅವನು ‘ಹೌದು’. ನಿಮ್ಮ ಆರರಲ್ಲಿ ನಾಲ್ವರು ‘ಹೌದು’, ಇಬ್ಬರು ‘ಇಲ್ಲ’ ಹಾಕಿದರೆ 6–4. ಅವನು ಬಿದ್ದ. ನಿಮ್ಮ ಇಬ್ಬರು ಉಳಿದರು, ತಂಡಕ್ಕೊಬ್ಬರಂತೆ. ಯಾರೋ ಸುದ್ದಿ ಮುಟ್ಟಿಸಿ ಅವನು ‘ಇಲ್ಲ’ ಕಡೆ ಹಾರಿದನೆನ್ನಿ, ಆಗ 5–5, ರದ್ದು, ಯಾರಿಗೂ ಪೆಟ್ಟಿಲ್ಲ. ಆದರೆ ಸುದ್ದಿ ಸೋರಿದೆ ಎಂಬುದು ನಿಮಗೆ ಖಚಿತವಾಗುತ್ತದೆ. ಉಳಿದ ದಾರಿ ಮೂರನೇ ತಂಡವನ್ನೂ ಕರೆದು ಮೂರು ಪಟ್ಟಿಗಳನ್ನು ಒಟ್ಟಿಗೆ ತಿರುಗಿಸುವುದು.

ಹಣ ಹಂಚುವ ವಿಷಯಕ್ಕೆ ಬರದಿದ್ದರೆ ಮಾತು ಅರೆಬರೆಯಾಗುತ್ತದೆ. ಪ್ರಾಮಾಣಿಕ ಎಂಟು ಜನ ಗೆದ್ದರೂ ಪೂರ್ತಿ 22 ಕೋಟಿ ಬರುವುದು ಸಾಮಾನ್ಯವಾಗಿ ಒಬ್ಬನ ಕೈಗೆ. ಅವನು ಏಳು ಜನರಿಗೆ 19.25 ಕೋಟಿ ಬಿಚ್ಚಬೇಕು. ಕರಾರು ಬರೆಸಿಕೊಂಡರೆ ಆಯಿತಲ್ಲ ಎಂದು ಅನಿಸುತ್ತದೆ. ನಮ್ಮ ದೇಶದಲ್ಲಾದರೆ 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಂದ್ಯದ ಕರಾರಿಗೆ ಬೆಲೆಯಿಲ್ಲ; ಪಂದ್ಯದಲ್ಲಿ ಗೆದ್ದದ್ದನ್ನು ಕೊಡಿಸಿ ಎಂದು ಕೋರ್ಟಿಗೆ ಹೋಗುವಂತಿಲ್ಲ. ಜನ ಮಾತಿಗೆ ಕಟ್ಟುಬೀಳಲು ಬೇರೆ ಕಾರಣ ಬೇಕು, ಆಟ ಒಂದಕ್ಕೆ ಮುಗಿಯಬಾರದು. ಗೆದ್ದವನು ಮುಂದಿನ ಆಟಕ್ಕೆ ಹೋಗುವುದಾದರೆ ಅಲ್ಲಿ ಮತ್ತೆ ತಂಡ ಬೇಕು. ಆದ್ದರಿಂದ ತಂಡಕ್ಕೆ ಜನ ಆರಿಸುವಾಗ ‘ಇವನು ಒಳ್ಳೆಯವನೇ’ ಎಂದು ಕೇಳುವುದಕ್ಕಿಂತ ‘ಈ ಆಟ ಮುಗಿದ ಮೇಲೂ ಇವನಿಗೆ ನಮ್ಮಿಂದ ಏನಾದರೂ ಬೇಕಾಗುತ್ತದೆಯೇ’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಜನ ಹೆಚ್ಚಾದರೆ ಈ ತಂತ್ರ ನಡೆಯುತ್ತದೆಯೇ ಎಂದು ಸಭೆಯಿಂದ ಪ್ರಶ್ನೆ ಬಂದಿದೆ. ಗಣಿತದಲ್ಲಿ ನಡೆಯುತ್ತದೆ. 40 ಜನರಿದ್ದರೆ ಹೆಚ್ಚೆಂದರೆ 19, 9, 4, 1 ಎಂದು ಇಳಿಯುತ್ತದೆ, ನಾಲ್ಕು ಸುತ್ತು, ಹದಿನಾರು ಜನರ ತಂಡ, ತಲೆಗೆ 2.5 ಕೋಟಿ. 100 ಜನರಿದ್ದರೆ 49, 24, 11, 5, 2, ಐದು ಸುತ್ತು, ತಂಡಕ್ಕೆ ಮೂವತ್ತೆರಡು ಜನ. ಅಲ್ಲಿ ಕೊನೆಗೆ ಉಳಿಯುವ ಇಬ್ಬರಲ್ಲಿ ಒಬ್ಬ ಹೊರಗಿನವನಾಗಿರಬಹುದು, ಹಾಗಾಗಿ ಖಾತ್ರಿ ಇರುವುದು ಅರ್ಧ ಹಣ ಮಾತ್ರ: 50 ಕೋಟಿಯನ್ನು ಮೂವತ್ತೆರಡರಿಂದ ಭಾಗಿಸಿದರೆ 1.56 ಕೋಟಿ. ಸಾಲ ಕಳೆದರೆ 56 ಲಕ್ಷ. ಅಷ್ಟಕ್ಕೆ ಮೂವತ್ತೊಂದು ಜನರ ಬಾಯಿಗೆ ಬೀಗ ಹಾಕಿ, ಐದು ಸುತ್ತು ಚೀಟಿ ಎತ್ತಿಸಿ, ಒಬ್ಬರ ಹೆಸರೂ ಇನ್ನೊಂದು ಪಟ್ಟಿಯಲ್ಲಿ ಇಲ್ಲವೆಂದು ನೋಡಿಕೊಳ್ಳಬೇಕು.